ಸವರಿ ಅಂದೆ, ಬೋಳಿಸಿ ಹೋದರು

ಪ್ರಶ್ನೆ: ನಾನು ತುಮಕೂರಿನಲ್ಲಿ ಶಿಕ್ಷಕಿ. ಹಿತ್ತಲಲ್ಲಿ ನಮ್ಮ ಅತ್ತೆ ನೆಟ್ಟ ಹಲಸಿನ ಮರ ಇದೆ, ಮೂವತ್ತು ವರ್ಷ ದಾಟಿದೆ. ಅದರ ಒಂದು ಕೊಂಬೆ ಪಕ್ಕದ ಮನೆಯ ಶೀಟಿನ ಮೇಲೆ ಚಾಚಿತ್ತು. ಅಲ್ಲೇ ಒಣಗಿದ ಒಂದು ತೆಂಗಿನ ಮರವೂ ಇತ್ತು. ಮರ ಕಡಿಯುವ ಮೇಸ್ತ್ರಿಯೊಬ್ಬರನ್ನು ಕರೆಸಿ ಎರಡನ್ನೂ ತೋರಿಸಿದೆ. 14 ಸಾವಿರಕ್ಕೆ ಒಪ್ಪಿದರು, 5 ಸಾವಿರ ಮುಂಗಡ ಕೊಟ್ಟೆ. ‘ಹಲಸು ಸವರಬೇಕು, ತೆಂಗು ಬುಡಕ್ಕೆ ತೆಗೀಬೇಕು, ಸೌದೆ ನೀವೇ ತಗೊಂಡು ಹೋಗಿ’ ಎಂದು ವಾಟ್ಸಾಪ್‌ನಲ್ಲೂ ಕಳಿಸಿದೆ. ‘ಆಯ್ತಮ್ಮ’ ಎಂದು ಉತ್ತರ ಬಂತು. ಶಾಲೆ ಮುಗಿಸಿ ಬಂದು ನೋಡಿದರೆ ಹಲಸಿನ ಮೂರು ದೊಡ್ಡ ಕೊಂಬೆಗಳೂ ಇಲ್ಲ, ಮೋಟು ಮಾತ್ರ ನಿಂತಿವೆ. ಕಾಯಿ ಸಮೇತ ಹೋಯಿತು. ತೆಂಗಿನ ಬೊಡ್ಡೆ ಎರಡು ಅಡಿ ಹಾಗೇ ಇದೆ. ಸೊಪ್ಪು ಸದೆ ಅಂಗಳದಲ್ಲಿ ರಾಶಿ ಬಿದ್ದಿದೆ. ಹಲಸಿನ ದಿಮ್ಮಿಗಳು ಮಾತ್ರ ಗಾಡಿ ಹತ್ತಿ ಹೋಗಿವೆ. ಕೇಳಿದರೆ, ‘ನೀವೇ ಸವರಿ ಅಂದ್ರಲ್ಲಮ್ಮ, ಪಕ್ಕದ ಮನೆಯವರೂ ಬಂದು ಮಿಕ್ಕಿದ್ದೂ ತೆಗೆದುಬಿಡಿ ಅಂದ್ರು’ ಅಂತಾರೆ. ಬಾಕಿ 9 ಸಾವಿರದ ಜೊತೆ ಹೆಚ್ಚಿನ ಕೆಲಸಕ್ಕೆ ಇನ್ನೂ 6 ಸಾವಿರ ಬೇಕಂತೆ. ನಾನು ಕೊಡಬೇಕಾ? ಮರ ಉಳಿಯುತ್ತಾ?

ಉತ್ತರ: ದುಡ್ಡಿನ ಮಾತು ಎರಡು ದಿನ ಕಾಯುತ್ತದೆ. ಮರ ಕಾಯುವುದಿಲ್ಲ, ಅದನ್ನೇ ಮೊದಲು ನೋಡೋಣ.

ಆದರೆ ಯಾವ ಕೆಲಸಕ್ಕೂ ಮುಂಚೆ ಫೋಟೋ ತೆಗೆಯಿರಿ. ಮೂರು ಮೋಟು, ತೆಂಗಿನ ಬೊಡ್ಡೆ, ಅಂಗಳದ ರಾಶಿ ಎಲ್ಲದರದ್ದೂ. ಪ್ರತಿ ಮೋಟಿನ ಸುತ್ತ ಟೇಪು ಹಿಡಿದು ಅಳತೆ ಕಾಣುವ ಹಾಗೆ ಒಂದೊಂದು ತೆಗೆಯಿರಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಹಲಸು ಸಾಮಾನ್ಯಕ್ಕೆ ಸಾಯುವ ಮರ ಅಲ್ಲ. ಬೇರು ಗಟ್ಟಿ ಇದ್ದರೆ ಮೋಟುಗಳಿಂದ ಚಿಗುರು ಒಡೆಯುತ್ತದೆ. ಈಗ ಅದಕ್ಕೆ ದೊಡ್ಡ ಶತ್ರು ಬಿಸಿಲು. ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋದ ಮೇಲೆ ನಮ್ಮ ತುಮಕೂರಿನ ಬಿಸಿಲು ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಮೂವತ್ತು ವರ್ಷ ಎಲೆಯ ನೆರಳಿನಲ್ಲಿದ್ದ ತೊಗಟೆ ಈಗ ನೇರ ಬಿಸಿಲಿಗೆ ಬಿದ್ದಿದೆ. ಅದು ಬೆಂದು ಸೀಳುತ್ತದೆ, ಸೀಳಿನಲ್ಲಿ ಕೊಳೆ ಮತ್ತು ಹುಳು ಸೇರುತ್ತವೆ. ಬಿಸಿಲು ಬೀಳುವ ಕಾಂಡಕ್ಕೆಲ್ಲ ತೆಳ್ಳಗೆ ಸುಣ್ಣ ಬಳಿಸಿ.

ಕಡಿದ ಗಾಯಗಳಿಗೆ ಬೋರ್ಡೋ ಮುಲಾಮು ಹಚ್ಚಿ. ಮನೆಯಲ್ಲೇ ಮಾಡಬಹುದು. 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ ಕರಗಿಸಿ. ಇನ್ನೊಂದು ಪಾತ್ರೆಯಲ್ಲಿ 100 ಗ್ರಾಂ ಸುಣ್ಣವನ್ನು ಅರ್ಧ ಲೀಟರ್ ನೀರಿನಲ್ಲಿ ಕಲಸಿ, ಆಮೇಲೆ ಎರಡನ್ನೂ ಸೇರಿಸಿ. ಪ್ಲಾಸ್ಟಿಕ್ ಬಕೆಟ್ ಅಥವಾ ಮಣ್ಣಿನ ಪಾತ್ರೆ ಬಳಸಿ, ಕಬ್ಬಿಣದ್ದು ಬೇಡ. ಒಂದು ಚಾಕು ಅದ್ದಿ ನೋಡಿ. ಕೆಂಪಗೆ ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ, ಇನ್ನಷ್ಟು ಹಾಕಿ.

ಮೋಟುಗಳು ಸೀಳಿಕೊಂಡಿದ್ದರೆ ಮುಲಾಮಿಗೆ ಮುಂಚೆ ಅವನ್ನು ಸರಿಯಾಗಿ ಕಡಿಸಬೇಕು. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಉಂಗುರದ ಹಾಗೆ ಒಂದು ಉಬ್ಬು ಇರುತ್ತದೆ. ಆ ಉಬ್ಬನ್ನು ಮುಟ್ಟದೆ ಅದರ ಆಚೆಗೆ ಕಡಿದರೆ ಮರ ತಾನೇ ಗಾಯ ಮುಚ್ಚಿಕೊಳ್ಳುತ್ತದೆ. ವಾರಕ್ಕೊಮ್ಮೆ ಬುಡದಿಂದ ದೂರಕ್ಕೆ ಪಾತಿ ಮಾಡಿ ತುಂಬ ನೀರು ಕೊಡಿ. ಯೂರಿಯಾ ಸುರಿಯಬೇಡಿ. ಚಿಗುರು ಪೊದೆ ಪೊದೆಯಾಗಿ ಬರುತ್ತದೆ, ಮೊದಲ ವರ್ಷ ಹಾಗೇ ಬಿಡಿ. ಮರಕ್ಕೆ ಈಗ ಎಲೆ ಬೇಕು. ಮುಂದಿನ ವರ್ಷ ಒಂದೊಂದು ಮೋಟಿಗೆ ಗಟ್ಟಿಯಾದ ಎರಡೋ ಮೂರೋ ಉಳಿಸಿ ಮಿಕ್ಕಿದ್ದು ಚಿವುಟಿಸಿ. ಹಲಸು ಕಾಂಡದ ಮೇಲೇ ಕಾಯಿ ಬಿಡುವ ಮರ. ಮುಂದಿನ ಸಲ ಫಸಲು ಕಮ್ಮಿಯಾದರೂ ಪೂರ್ತಿ ಹೋಯಿತು ಅಂದುಕೊಳ್ಳಬೇಡಿ.

ಅನುಮಾನ ಇದ್ದರೆ ಹಿರೇಹಳ್ಳಿಗೆ ಹೋಗಿ ಬನ್ನಿ. ಅಲ್ಲಿ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರ ಇದೆ. ಗುಬ್ಬಿ ತಾಲ್ಲೂಕು ಚೇಳೂರಿನ ‘ಸಿದ್ದು’ ಹಲಸು ಹೊರಗಿನ ಊರುಗಳಿಗೆಲ್ಲ ಗೊತ್ತಾಗುವಂತೆ ಮಾಡಿದವರು ಅವರೇ. ಮೋಟಿನ ಫೋಟೋ ತೋರಿಸಿ ಕೇಳಿ.

ಈಗ ಜಗಳಕ್ಕೆ ಬರೋಣ. ನಿಮ್ಮ ಮೆಸೇಜನ್ನು ಇನ್ನೊಮ್ಮೆ ಓದಿ. ಸವರು, ಬುಡಕ್ಕೆ, ಸೌದೆ. ಈ ಮೂರೂ ಪದಕ್ಕೆ ನಿಮ್ಮ ತಲೆಯಲ್ಲಿ ಒಂದು ಅರ್ಥ ಇತ್ತು, ಮೇಸ್ತ್ರಿ ತಲೆಯಲ್ಲಿ ಇನ್ನೊಂದು. ಅವರು ಮೋಸ ಮಾಡಿದರು ಅಂತ ಶುರುವಿನಲ್ಲೇ ತೀರ್ಮಾನ ಮಾಡಬೇಡಿ. ಎಲ್ಲ ಸರಿ ಮಾಡಿದರು ಅಂತಲೂ ನಾನು ಹೇಳುತ್ತಿಲ್ಲ.

ನಮ್ಮ ಕಡೆ ಸವರುವುದು ಅಂದರೆ ಹೊಂಗೆ ಸವರುವುದು. ಗದ್ದೆ ತೋಟಗಳಿಗೆ ಹಸಿರು ಗೊಬ್ಬರ ಬೇಕು ಅಂದಾಗ ಮರ ಹತ್ತಿ ಸೊಪ್ಪು, ರೆಂಬೆ, ಕೊಂಬೆ ಎಲ್ಲ ಇಳಿಸಿಬಿಡುತ್ತಾರೆ. ಮಳೆ ಬಿದ್ದರೆ ಹೊಂಗೆ ಏನೂ ಆಗಿಲ್ಲವೆಂಬಂತೆ ಮತ್ತೆ ತುಂಬಿಕೊಳ್ಳುತ್ತದೆ. ಮಚ್ಚು ಹಿಡಿದು ಆ ಕೆಲಸ ಕಲಿತವರು ಪಟ್ಟಣಕ್ಕೆ ಬಂದು ಮೆಷಿನ್ ಗರಗಸ ಹಿಡಿದಿದ್ದಾರೆ. ಪದ ಅದೇ ಉಳಿದಿದೆ. ಮಾವು, ಹಲಸಿಗೆ ಆ ಲೆಕ್ಕ ಹಿಡಿಯುವುದಿಲ್ಲ. ಬಲಿತ ಮರದಲ್ಲಿ ಒಂದು ಸಲಕ್ಕೆ ಕಾಲು ಭಾಗಕ್ಕಿಂತ ಜಾಸ್ತಿ ಹಸಿರು ತೆಗೆಯಬಾರದು. ಜೊತೆಗೆ ಇನ್ನೊಂದು ಮಾತು. ಹತ್ತು ಸಣ್ಣ ಕೊಂಬೆ ಹುಡುಕಿ ಕಡಿಯುವುದಕ್ಕಿಂತ ಕವಲಿನ ಹತ್ತಿರ ಮೂರು ಕಡೆ ಗರಗಸ ಇಡುವುದು ಸುಲಭ, ಬೇಗ ಮುಗಿಯುತ್ತದೆ, ದಿಮ್ಮಿಯೂ ಸಿಗುತ್ತದೆ. ನನ್ನ ಮನೆಯ ನೇರಳೆಗೂ ಒಮ್ಮೆ ಇದೇ ಗತಿಯಾಗಿದೆ. ‘ಸ್ವಲ್ಪ ತೆಳು ಮಾಡಪ್ಪ’ ಅಂತ ಹೇಳಿ ನಾನು ಮದುವೆಗೆ ಹೋಗಿದ್ದೆ. ಆ ‘ಸ್ವಲ್ಪ’ ನೋಡಿ ಮನೆಯವರು ನನ್ನ ಜೊತೆ ಎರಡು ದಿನ ಮಾತಾಡಲಿಲ್ಲ.

ಆದರೂ ಈ ವಿಷಯದಲ್ಲಿ ನ್ಯಾಯ ನಿಮ್ಮ ಕಡೆ ಇದೆ. ನೀವು ಬರೀ ಮೆಸೇಜ್ ಕಳಿಸಿಲ್ಲ, ಮರದ ಕೆಳಗೆ ನಿಂತು ಆ ಕೊಂಬೆಯನ್ನು ತೋರಿಸಿದ್ದೀರಿ. ಮಿಕ್ಕ ಎರಡನ್ನು ಪಕ್ಕದ ಮನೆಯವರು ಹೇಳಿದರು ಅಂತ ಕಡಿದಿದ್ದಾರೆ. ತಮ್ಮ ಜಾಗಕ್ಕೆ ಚಾಚಿದ ಕೊಂಬೆ ತೆಗೆಸಿ ಅಂತ ಅವರು ನಿಮ್ಮನ್ನು ಕೇಳಬಹುದು. ನಿಮ್ಮ ಹಿತ್ತಲಿನ ಮರದ ವಿಷಯದಲ್ಲಿ ನಿಮ್ಮ ಮೇಸ್ತ್ರಿಗೆ ಕೆಲಸ ಹೇಳುವ ಅಧಿಕಾರ ಅವರಿಗಿಲ್ಲ. ಒಂದು ಫೋನ್ ಮಾಡಿ ಕೇಳಲು ಮೇಸ್ತ್ರಿಗೆ ಎಷ್ಟು ಹೊತ್ತು ಬೇಕಿತ್ತು? ನೀವು ಹೇಳದ, ನಿಮಗೆ ನಷ್ಟವೇ ಆದ ಕೆಲಸಕ್ಕೆ 6 ಸಾವಿರ ಕೊಡಬೇಕಾಗಿಲ್ಲ.

ತೆಂಗಿನ ವಿಷಯದಲ್ಲಿ ನೀವು ಸ್ವಲ್ಪ ಸೋಲಬೇಕು. ‘ಬುಡಕ್ಕೆ’ ಅಂದರೆ ಈ ಕಸುಬಿನವರಿಗೆ ನೆಲಮಟ್ಟಕ್ಕೆ ಅಂತ. ಬೇರು ಸಮೇತ ಕೀಳುವುದು ಜೆಸಿಬಿ ಕೆಲಸ, ಅದರ ರೇಟೇ ಬೇರೆ. ಹಾಗಂತ ಎರಡು ಅಡಿ ಅನ್ನುವುದು ನೆಲಮಟ್ಟ ಅಲ್ಲ, ಅದನ್ನು ಬಂದು ಇಳಿಸಿಕೊಡಲಿ. ತುಂಡುಗಳನ್ನು ಹಿತ್ತಲಲ್ಲಿ ಕೊಳೆಯಲು ಬಿಡಬೇಡಿ. ಕೊಳೆತ ತೆಂಗಿನ ಕಾಂಡದಲ್ಲಿ ಸುಳಿ ಕೊರೆಯುವ ದುಂಬಿ ಮರಿ ಮಾಡುತ್ತದೆ. ಆಮೇಲೆ ಬೀದಿಯ ಒಳ್ಳೆ ತೆಂಗಿನ ಮರಗಳಿಗೂ ಹಾರುತ್ತದೆ.

ಇನ್ನು ಸೌದೆ. ನಿಜವಾದ ದುಡ್ಡು ಇರುವುದು ಇಲ್ಲೇ. ಒಲೆಗೆ ಹಾಕುವುದು ಸೌದೆ. ಕುಯ್ಯುವ ಮಿಲ್ಲಿಗೆ ಹೋಗುವುದು ದಿಮ್ಮಿ. ಹಲಸಿನ ಹಳದಿ ಚೇಗು, ಅಂದರೆ ಒಳಗಿನ ಗಟ್ಟಿ ಭಾಗ, ಬಾಗಿಲು ಕಿಟಕಿಗೂ ಆಗುತ್ತದೆ, ವೀಣೆ ಮೃದಂಗಕ್ಕೂ ಆಗುತ್ತದೆ. ಬಹಳ ಸಲ ಮೇಸ್ತ್ರಿಗಳು ಕೂಲಿ ಹೇಳುವಾಗಲೇ ಮರದ ಬೆಲೆಯನ್ನು ಮನಸ್ಸಿನಲ್ಲಿ ಕಳೆದಿರುತ್ತಾರೆ. ಅದು ತಪ್ಪಲ್ಲ, ಆದರೆ ಬಾಯಿಬಿಟ್ಟು ಹೇಳಬೇಕು. ನೀವು ಸೌದೆ ಕೊಟ್ಟಿದ್ದು ಒಂದು ಕೊಂಬೆಯದ್ದು. ಹೋಗಿದ್ದು ಮೂರು ಕೊಂಬೆಯ ದಿಮ್ಮಿ.

ಟೇಪು ಹಿಡಿಯಿರಿ ಅಂದಿದ್ದು ಇದಕ್ಕೇ. ದಿಮ್ಮಿ ಹೋದರೂ ಮೋಟು ನಿಮ್ಮ ಮರದಲ್ಲೇ ಇದೆ. ಇಂಚಿನಲ್ಲಿ ಸುತ್ತಳತೆ ಹಿಡಿದು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದ ಅಡಿಯಿಂದ ಗುಣಿಸಿ, 144ರಿಂದ ಭಾಗಿಸಿ. ಉದಾಹರಣೆಗೆ ಸುತ್ತಳತೆ 36 ಇಂಚು, ದಿಮ್ಮಿಯ ಉದ್ದ 8 ಅಡಿ ಇತ್ತು ಅನ್ನಿ. 9ರ 9 ಪಟ್ಟು 81, ಅದರ 8 ಪಟ್ಟು 648. 144ರಿಂದ ಭಾಗಿಸಿದರೆ ನಾಲ್ಕೂವರೆ ಘನ ಅಡಿ. ತುದಿಯ ಕಡೆ ಸಣ್ಣದಾಗುವುದರಿಂದ ಸ್ವಲ್ಪ ಕಮ್ಮಿ ಹಿಡಿಯಿರಿ. ಇಬ್ಬರು ಬಡಗಿಗಳ ಹತ್ತಿರ ಅಥವಾ ಎರಡು ಮಿಲ್ಲಿನಲ್ಲಿ ಹಸಿ ಹಲಸಿಗೆ ಈಗ ಏನು ರೇಟು ಅಂತ ಕೇಳಿ. ನಿಮ್ಮ ಕೈಗೆ ಒಂದು ಲೆಕ್ಕ ಸಿಗುತ್ತದೆ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಮೇಸ್ತ್ರಿಯನ್ನು ಭಾನುವಾರ ಬೆಳಗ್ಗೆ ಕರೆಸಿ ಕಾಫಿ ಕೊಡುತ್ತಿದ್ದೆ. ಅದೇ ಕೆಲಸ ಗೊತ್ತಿರುವ ಇನ್ನೊಬ್ಬರನ್ನೂ ಕರೆಸಿ ಮರದ ಕೆಳಗೇ ಮಾತಾಡುತ್ತಿದ್ದೆ. ಮೊದಲು ಬೊಡ್ಡೆ ಇಳಿಸಿ, ಅಂಗಳ ಖಾಲಿ ಮಾಡಿಕೊಡಲಿ. ಬಾಕಿ 9 ಸಾವಿರದಲ್ಲಿ ಎರಡು ಕೊಂಬೆಯ ದಿಮ್ಮಿಯ ಬೆಲೆ ಕಳೆದು ಮಿಕ್ಕಿದ್ದು ಕೊಡಿ, ಪೂರ್ತಿ ತೀರಿತು ಎಂದು ಮೆಸೇಜ್ ಹಾಕಿಸಿಕೊಳ್ಳಿ. ಒಣ ತೆಂಗಿನ ಮರ ಹತ್ತುವುದು ಪ್ರಾಣ ಪಣಕ್ಕಿಟ್ಟ ಕೆಲಸ. ಆ ಕೂಲಿಯನ್ನು ಮಾತ್ರ ಹಿಡಿಯಬೇಡಿ.

ಬಗ್ಗದಿದ್ದರೆ 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ದೂರು ಕೊಡಲು ಎರಡು ವರ್ಷ ಸಮಯ ಇದೆ. ನೀವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ಆದರೆ ಇಷ್ಟು ಮೊತ್ತಕ್ಕೆ ರಜೆ ಹಾಕಿಕೊಂಡು ಅಲೆಯುವುದು ಮೂಗಿಗಿಂತ ಮೂಗುತಿ ಭಾರ ಆಗಬಹುದು. ಯೋಚನೆ ಮಾಡಿ.

ನೀವು ಕೇಳದ ಒಂದು ವಿಷಯ ಹೇಳಲೇಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಜಾಗದ ಮರ ಉರುಳಿಸಲೂ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಬೇಕು. ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್ ಥರದ ಕೆಲವಕ್ಕೆ ವಿನಾಯಿತಿ ಇದೆ. ಪಟ್ಟಿ ನಡುವೆ ತಿದ್ದುಪಡಿಯಾಗಿದೆ, ಹಾಗಾಗಿ ದೊಡ್ಡ ಮರ ಮುಟ್ಟುವ ಮುಂಚೆ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿ. ದಿಮ್ಮಿ ಸಾಗಿಸುವ ವಿಷಯವನ್ನೂ ಅಲ್ಲೇ ಕೇಳಿ. ‘ಅದೆಲ್ಲ ನಾನು ನೋಡ್ಕೋತೀನಮ್ಮ’ ಅನ್ನುವ ಮಾತು ನಂಬಿ ಕೂರಬೇಡಿ, ಮರ ನಿಮ್ಮದು. ಕರೆಂಟ್ ತಂತಿಯ ಹತ್ತಿರದ ಕೊಂಬೆ ಆದರೆ ಬೆಸ್ಕಾಂನ 1912ಕ್ಕೆ ಹೇಳಿ, ಲೈನ್ ಆಫ್ ಮಾಡಿಸಿಯೇ ಕಡಿಸಬೇಕು.

ಮುಂದಿನ ಸಲ ಹೀಗೆ ಬರೆದು ಕಳಿಸಿ: ‘ಹಿತ್ತಲಿನ ಹಲಸು. ಬಟ್ಟೆ ಕಟ್ಟಿರುವ ಒಂದು ಕೊಂಬೆ ಮಾತ್ರ. ಸುಣ್ಣದ ಗೆರೆ ಇರುವಲ್ಲಿಗೆ ಕಡಿಯುವುದು, ಹಗ್ಗ ಕಟ್ಟಿ ಇಳಿಸುವುದು. ಮುಂಗೈಗಿಂತ ದಪ್ಪ ಇರುವ ತುಂಡು ನಮಗೆ, ಮಿಕ್ಕಿದ್ದು ನಿಮಗೆ. ಸೊಪ್ಪು ಸದೆ ಅದೇ ದಿನ ಸಾಗಿಸುವುದು. ಬೇರೆ ಏನೇ ಕಡಿಯಬೇಕಾದರೂ ಮೊದಲು ಫೋನ್.’ ಜೊತೆಗೆ ಬಟ್ಟೆ ಕಟ್ಟಿದ ಕೊಂಬೆಯ ಫೋಟೋ ಹಾಕಿ.

ಪ್ರಶ್ನೆ: ನಾನು ಕೋಲಾರದ ಕಡೆ ಮರ ಕಡಿಯುವ ಗುತ್ತಿಗೆ ಮಾಡುತ್ತೇನೆ. ಮನೆ ಮೇಲೆ ವಾಲಿದ್ದ ಒಂದು ನೀಲಗಿರಿಗೆ 8 ಸಾವಿರ ಮಾತಾಗಿತ್ತು. ಕೆಲಸ ನಡೆಯುವಾಗ ಯಜಮಾನರು ಅಲ್ಲೇ ನಿಂತು ಇನ್ನೆರಡು ಮರ ತೋರಿಸಿ ‘ಅವೆರಡನ್ನೂ ಇಳಿಸಿಬಿಡಪ್ಪ’ ಅಂದರು. ಇಳಿಸಿದೆ. ಈಗ ಎಲ್ಲ ಸೇರಿ 8 ಸಾವಿರವೇ ಅಂತಿದ್ದಾರೆ. ಚೀಟಿ ಏನೂ ಇಲ್ಲ. ನನಗೆ ದುಡ್ಡು ಬರುತ್ತಾ?

ಉತ್ತರ: ಮೇಲಿನ ಮೇಡಂ ಕಥೆಗೂ ನಿಮ್ಮದಕ್ಕೂ ಒಂದೇ ವ್ಯತ್ಯಾಸ. ಅಲ್ಲಿ ಹೇಳಿದ್ದು ಪಕ್ಕದ ಮನೆಯವರು, ಇಲ್ಲಿ ಹೇಳಿದ್ದು ಯಜಮಾನರೇ. ಅದರಿಂದ ನಿಮ್ಮ ಕೇಸು ಗಟ್ಟಿ. ಬಾಯಿಮಾತಿನ ಒಪ್ಪಂದಕ್ಕೂ ಬೆಲೆ ಇದೆ. ಪುಕ್ಕಟೆ ಮಾಡುವ ಉದ್ದೇಶವಿಲ್ಲದೆ ಒಬ್ಬರಿಗೆ ನ್ಯಾಯವಾಗಿ ಕೆಲಸ ಮಾಡಿಕೊಟ್ಟು, ಅವರು ಅದರ ಲಾಭ ಪಡೆದರೆ ತಕ್ಕ ಹಣ ಕೊಡಬೇಕು ಅಂತ 1872ರ ಕರಾರು ಕಾಯ್ದೆಯ 70ನೇ ಕಲಮು ಹೇಳುತ್ತದೆ. ತೊಡಕಿರುವುದು ಸಾಕ್ಷಿಯಲ್ಲಿ. ಜೊತೆಗಿದ್ದ ಕೆಲಸಗಾರರು ಕೇಳಿಸಿಕೊಂಡಿದ್ದಾರಾ? ಮೂರು ಬೊಡ್ಡೆಗಳ ಫೋಟೋ ಇದೆಯಾ? ಇವತ್ತೇ ಅವರಿಗೆ ಮರ್ಯಾದೆಯಿಂದ ಒಂದು ಮೆಸೇಜ್ ಹಾಕಿ: ಎಷ್ಟು ಮರ, ಯಾವ ದಿನ, ಯಾರು ಹೇಳಿದ್ದು, ಎಷ್ಟು ಬಾಕಿ. ಆ ಎರಡು ಮರ ವಾಲಿರಲಿಲ್ಲ, ಸುಲಭದ ಕೆಲಸ ಅಂದರೆ ತಲಾ 8 ಸಾವಿರ ಕೇಳಬೇಡಿ. ಮರ ನೀವೇ ಸಾಗಿಸಿದ್ದರೆ ಅದರ ಬೆಲೆಯನ್ನೂ ಕಳೆದು ಹೇಳಿ, ಆಗ ಅವರೂ ಮಾತಿಗೆ ಬರುತ್ತಾರೆ. ಇನ್ನು ಮೇಲೆ ಯಾರಾದರೂ ‘ಅದನ್ನೂ ಇಳಿಸಿಬಿಡಪ್ಪ’ ಅಂದರೆ ಗರಗಸ ಆಫ್ ಮಾಡಿ, ರೇಟು ಹೇಳಿ, ‘ಹೂಂ’ ಅನ್ನಿಸಿಕೊಂಡು ಆಮೇಲೆ ಶುರು ಮಾಡಿ. ಹಾಗೇ, ನೀಲಗಿರಿ ಬೊಡ್ಡೆಯಿಂದ ಮತ್ತೆ ಚಿಗುರುತ್ತದೆ ಅಂತ ಅವರಿಗೆ ಈಗಲೇ ಹೇಳಿಬಿಡಿ. ಇಲ್ಲದಿದ್ದರೆ ಮಳೆಗಾಲ ಕಳೆದ ಮೇಲೆ ಅದಕ್ಕೂ ನಿಮಗೇ ಫೋನ್ ಬರುತ್ತದೆ, ಪುಕ್ಕಟೆ ಬಂದು ತೆಗಿ ಅಂತ.