ಆಟ ನಿಂತ ಮೇಲೂ ಐದಕ್ಕೇ ಎಚ್ಚರ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನನ್ನ ಹತ್ತಿರ ಸಲಹೆಗೆ ಬಂದ ಇವರು ಶಿರಸಿ ಹತ್ತಿರದ ಹಳ್ಳಿಯವರು, ವಯಸ್ಸು ಮೂವತ್ತು ದಾಟಿದೆ. ಬೆಂಗಳೂರಿನಲ್ಲಿ ಒಂದು ಸಂಸ್ಥೆಯ ತಂಡಕ್ಕೆ ಕಾಂಟ್ರ್ಯಾಕ್ಟ್ ಮೇಲೆ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದರು. ರೀಬೌಂಡಿಗೆ, ಅಂದರೆ ಬುಟ್ಟಿಗೆ ಬೀಳದೆ ಪುಟಿದ ಚೆಂಡಿಗೆ, ಹಾರಿ ಇಳಿಯುವಾಗ ಮೊಣಕಾಲು ತಿರುಚಿ ಒಳಗಿನ ಎಸಿಎಲ್ ಎಂಬ ಲಿಗಮೆಂಟ್ ಹರಿಯಿತು. ಅದರ ಆಪರೇಷನ್ ಆದವರು ಮತ್ತೆ ಕೋರ್ಟಿಗೆ ಇಳಿಯಲು ಸಾಮಾನ್ಯವಾಗಿ 9 ತಿಂಗಳಾದರೂ ಬೇಕು. ಅಷ್ಟರಲ್ಲಿ ಕಾಂಟ್ರ್ಯಾಕ್ಟ್ ಮುಗಿದಿತ್ತು. ಮತ್ತೆ ಕರೆ ಬರಲಿಲ್ಲ.

ಊರಿಗೆ ಬಂದ ಮೇಲೆ ಮನೆ ಬಿಟ್ಟು ಹೊರಗೆ ಹೋಗುವುದೇ ನಿಂತಿತು. ಮಾರಿಕಾಂಬಾ ಜಾತ್ರೆಗೂ ಹೋಗಲಿಲ್ಲ. ಆರಡಿ ದಾಟಿದ ಆಳು, ಜನರ ಕಣ್ಣು ತಪ್ಪಿಸುವುದು ಎಲ್ಲಿ? ಕಂಡವರೆಲ್ಲ "ಎಂತ ತಮಾ, ಆಟ ಬಿಟ್ಯ?" ಅಂತ ಕೇಳುತ್ತಾರೆ.

"ಈಗಲೂ ಬೆಳಗ್ಗೆ ಐದಕ್ಕೆ ಎಚ್ಚರ ಆಗ್ತದೆ ಮೇಡಂ. ಎದ್ದು ಕೂತು ನೀಕ್ಯಾಪ್ ಹಾಕ್ಕೊಳ್ತೇನೆ. ಆಮೇಲೆ ಸುಮ್ನೆ ತೆಗೆದಿಡ್ತೇನೆ."

ಈ ಮಾತು ಹೇಳುವಾಗ ಮೊಣಕಾಲ ಮೇಲಿನ ಹೊಲಿಗೆಯ ಗೆರೆಯನ್ನು ಹೆಬ್ಬೆರಳಿಂದ ಉಜ್ಜುತ್ತಲೇ ಇದ್ದರು.

ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ (ಎನ್‌ಐಎಸ್) ಕೋಚಿಂಗ್ ಕೋರ್ಸ್ ಮಾಡಲಿ ಎನ್ನುವುದು ಅಣ್ಣನ ಒತ್ತಾಯ. ಒಳ್ಳೆಯ ದಾರಿಯೇ. ಆದರೆ ಮಕ್ಕಳು ಆಡುವುದನ್ನು ನೋಡಿದರೂ ಇವರಿಗೆ ಹೊಟ್ಟೆಯಲ್ಲಿ ಸಂಕಟ. ಹೀಗಿರುವಾಗ ಸೀಟಿ ಕೈಗೆ ಕೊಡುವುದು ತಪ್ಪು ಎಂದು ಅಣ್ಣನಿಗೆ ನೇರವಾಗಿಯೇ ಹೇಳಿದೆ.

ಸತ್ನಾಂ ಸಿಂಗ್ ಹೆಸರು ಇವರೇ ತೆಗೆದರು. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ತಂಡಗಳು ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟಿನಲ್ಲಿ, 2015ರಲ್ಲಿ ಡಲ್ಲಾಸ್ ಮಾವೆರಿಕ್ಸ್ ಆರಿಸಿದ ಮೊದಲ ಭಾರತೀಯ. ಎನ್‌ಬಿಎ ಲೀಗ್ ಪಂದ್ಯ ಮಾತ್ರ ಆಡಲಾಗಲಿಲ್ಲ. ಆಮೇಲೆ ಅಮೆರಿಕದ ವೃತ್ತಿಪರ ರೆಸ್ಲಿಂಗ್ ಸೇರಿದರು. "ಅವರಿಗಾದರೂ ಬೇರೆ ದಾರಿ ಸಿಕ್ತು" ಎಂದರು. ಅವರು ರೆಸ್ಲಿಂಗ್ ರಿಂಗ್ ಹತ್ತಿರ ಬಂದಿದ್ದು 2022ರಲ್ಲಿ ಅಲ್ವಾ, ನಡುವೆ ಏಳು ವರ್ಷ ಇದೆ ಎಂದೆ. ಆ ಮಾತಿಗೆ ಮೊದಲ ಸಲ ತಲೆ ಎತ್ತಿ ನೋಡಿದರು.

ನಾನು ಕೊಟ್ಟ ಸಲಹೆ ಇಷ್ಟು. ಬೆಳಗಿನ ಐದು ಗಂಟೆ ಖಾಲಿ ಬಿಡಬೇಡಿ. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ವ್ಯಾಯಾಮ ಮಾಡಿ, ಆಮೇಲೆ ತೋಟಕ್ಕೆ ಇಳಿಯಿರಿ. ಜನ ಕೇಳಿದರೆ ಹೇಳಲು ಒಂದು ಉತ್ತರ ಮೊದಲೇ ಇರಲಿ: "ಕಾಲಿಗೆ ಪೆಟ್ಟಾಯ್ತು, ಆಟ ನಿಲ್ಲಿಸಿದೆ, ಈಗ ತೋಟದಲ್ಲಿದ್ದೇನೆ." ಅದನ್ನು ನನ್ನೆದುರೇ ಹೇಳಿಸಿದೆ. ಎರಡು ಸಲ ಗಂಟಲು ಕಟ್ಟಿತು.

ಮನೆಯವರಿಗೆ ಹೇಳಿದ್ದು ಬೇರೆ. ಮೆಡಲ್‌ಗಳನ್ನು ಬಂದವರಿಗೆಲ್ಲ ತೋರಿಸಬೇಡಿ, ಅಟ್ಟಕ್ಕೂ ಹಾಕಬೇಡಿ. ಅಡಿಕೆ ಕೊನೆಕೊಯ್ಲಿನ ಲೆಕ್ಕವನ್ನು ಪೂರ್ತಿ ಇವರಿಗೇ ಬಿಡಿ. ಎರಡು ವಾರ ನಿದ್ದೆ, ಊಟ ಕೆಟ್ಟರೆ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಸಾಯುವ ಮಾತು ಬಂದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು.

ಕೋಚಿಂಗ್ ಮಾತನ್ನು ಮಳೆಗಾಲ ಕಳೆದ ಮೇಲೆ ಎತ್ತೋಣ ಎಂದು ಅಣ್ಣತಮ್ಮ ಇಬ್ಬರೂ ಒಪ್ಪಿದ್ದಾರೆ.