ಓದುಗರ ಪ್ರಶ್ನೆ: ಆಧಾರ್ ಜೆರಾಕ್ಸ್, ಗೇಟ್ ಆ್ಯಪ್, ಫೋನ್ ಕದ್ದಾಲಿಕೆ

ಬಾಡಿಗೆ ಮನೆ ಹುಡುಕುತ್ತಿದ್ದೇನೆ. ಮನೆ ತೋರಿಸುವ ಮೊದಲೇ ಬ್ರೋಕರ್ ಆಧಾರ್‌ನ ಎರಡೂ ಬದಿಯ ಫೋಟೋ ವಾಟ್ಸ್ಆ್ಯಪ್ ಮಾಡಿ ಅಂತಾರೆ. ಕಳಿಸಲೇಬೇಕಾ?
– ಓದುಗರು, ಬಸವೇಶ್ವರನಗರ

ಮನೆ ನೋಡುವುದಕ್ಕೆ ಯಾವ ದಾಖಲೆಯೂ ಬೇಕಿಲ್ಲ. ಅಡ್ವಾನ್ಸ್ ಕೊಟ್ಟು ಕರಾರು ಮಾಡಿಕೊಳ್ಳುವಾಗ ಮಾಲೀಕರು ಗುರುತಿನ ಚೀಟಿ ಕೇಳುವುದು ಸರಿ. ಆದರೆ ಅದು ಆಧಾರ್ ಆಗಿರಲೇಬೇಕು ಅಂತೇನಿಲ್ಲ. ವೋಟರ್ ಐಡಿ, ಡಿಎಲ್, ಪಾಸ್‌ಪೋರ್ಟ್ ಯಾವುದಾದರೂ ನಡೆಯುತ್ತದೆ. ಆಧಾರ್ ಬೇಕೇ ಬೇಕು ಎಂದು ಹಟ ಹಿಡಿದರೆ ಮಾಸ್ಕ್ಡ್ ಆಧಾರ್ ಕೊಡಿ. ಮೈಆಧಾರ್ ಜಾಲತಾಣಕ್ಕೆ ಒಟಿಪಿ ಹಾಕಿ ಒಳಹೋಗಿ, ಡೌನ್‌ಲೋಡ್ ಮಾಡುವ ಮುನ್ನ ಮಾಸ್ಕ್ಡ್ ಎಂಬ ಚೌಕಕ್ಕೆ ಟಿಕ್ ಹಾಕಬೇಕು. ಟಿಕ್ ಮರೆತರೆ ಪೂರ್ತಿ ನಂಬರಿನ ಪ್ರತಿಯೇ ಇಳಿಯುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಮಾಸ್ಕ್ಡ್ ಪ್ರತಿಯಲ್ಲಿ 12 ಅಂಕಿಗಳ ಪೈಕಿ ಕೊನೆಯ 4 ಮಾತ್ರ ಕಾಣುತ್ತವೆ. ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಎಂಬ ಧೈರ್ಯದಲ್ಲಿ ಪೂರ್ತಿ ಪ್ರತಿ ಕಳಿಸಬೇಡಿ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಜೊತೆಗೆ ಹುಟ್ಟಿದ ವರ್ಷ, ಇಷ್ಟೇ ಆ ಪಾಸ್‌ವರ್ಡ್.

ಜೆರಾಕ್ಸ್ ಕೊಟ್ಟರೆ ಅದರ ಮೇಲೆ ‘ಇಂಥ ಮನೆಯ ಬಾಡಿಗೆ ಕರಾರಿಗೆ ಮಾತ್ರ’ ಎಂದು ತಾರೀಖಿನ ಸಮೇತ ಅಡ್ಡಲಾಗಿ ಬರೆಯಿರಿ. ಗೆರೆ ಫೋಟೋದ ಮೇಲೂ ವಿಳಾಸದ ಮೇಲೂ ಹಾಯಬೇಕು. ಅಂಚಿನಲ್ಲಿ ಬರೆದದ್ದನ್ನು ಕತ್ತರಿಸಿ ಎಸೆದು ಮತ್ತೆ ಜೆರಾಕ್ಸ್ ತೆಗೆಯಬಹುದು. ಪ್ರಿಂಟ್ ಹಾಕಿಸಲು ಅಂಗಡಿಯವರ ನಂಬರಿಗೆ ಫೈಲ್ ಕಳಿಸಿದ್ದರೆ, ನಿಮ್ಮ ಕಡೆಯಿಂದ ಡಿಲೀಟ್ ಮಾಡಿದರೂ ಅವರ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಅದು ಕೂತೇ ಇರುತ್ತದೆ. ಎದುರಿಗೇ ಅಳಿಸಿಸಿ, ರಿಸೈಕಲ್ ಬಿನ್ ಸಹಿತ.

ಆಧಾರ್ ನಂಬರ್ ಹೊರಬಿದ್ದರೆ ನಿಜವಾದ ಅಪಾಯ ಎಲ್ಲಿ? ಬೆರಳಚ್ಚಿನಿಂದ ಹಣ ತೆಗೆಯುವ ಎಇಪಿಎಸ್ ವ್ಯವಸ್ಥೆಯಲ್ಲಿ. ಅಲ್ಲಿ ಬ್ಯಾಂಕಿನ ಹೆಸರು, ಆಧಾರ್ ನಂಬರ್, ಬೆರಳು ಇದ್ದರೆ ಸಾಕು, ಒಟಿಪಿ ಕೇಳುವುದಿಲ್ಲ. ನಕಲಿ ಬೆರಳಚ್ಚು ಮಾಡಿ ಹಣ ಎಗರಿಸಿದ ಪ್ರಕರಣಗಳು ನಡೆದಿವೆ. ಆದ್ದರಿಂದ ಮೈಆಧಾರ್‌ನಲ್ಲೇ ಬಯೋಮೆಟ್ರಿಕ್ ಲಾಕ್ ಹಾಕಿಡಿ. ಬೆರಳು, ಕಣ್ಣು, ಮುಖ ಮೂರೂ ಬಂದ್ ಆಗುತ್ತವೆ, ಒಟಿಪಿ ಕೆಲಸಗಳು ಎಂದಿನಂತೆ ನಡೆಯುತ್ತವೆ. ರೇಷನ್ ಅಂಗಡಿಯಲ್ಲಿ ಬೆರಳು ಇಡಬೇಕಾದ ದಿನ ತಾತ್ಕಾಲಿಕವಾಗಿ ತೆರೆಯಬಹುದು. ಅದೇ ತಾಣದಲ್ಲಿ ಕಳೆದ ಆರು ತಿಂಗಳಲ್ಲಿ ನಿಮ್ಮ ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆ ಎಂಬ ಪಟ್ಟಿಯೂ ಸಿಗುತ್ತದೆ. ಗೊತ್ತಿಲ್ಲದ ನಮೂದು ಕಂಡರೆ ಆಧಾರ್ ಸಹಾಯವಾಣಿ 1947ಕ್ಕೆ ಕರೆ ಮಾಡಿ. ಹಣವೇ ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930, ಆಮೇಲೆ ಬ್ಯಾಂಕಿಗೆ ಲಿಖಿತ ದೂರು. ನಿಮ್ಮದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಮೂರನೆಯವರಿಂದ ಆದ ವಂಚನೆಯನ್ನು ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದರೆ ನಷ್ಟ ನಿಮ್ಮ ತಲೆಗೆ ಬರಬಾರದು ಎಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳುತ್ತದೆ.

ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಗೇಟ್ ಆ್ಯಪ್ ಹಾಕಿದ್ದಾರೆ. ಮನೆಗೆಲಸದವರ ಫೋಟೋ, ಬಂದುಹೋದ ಹೊತ್ತು ಎಲ್ಲರಿಗೂ ಕಾಣುತ್ತದೆ. ಹೊಸ ಡೇಟಾ ಕಾಯ್ದೆ ಇದಕ್ಕೆ ಅನ್ವಯಿಸುತ್ತದೆಯೇ? ನಾನೇ ಸಂಘದ ಕಾರ್ಯದರ್ಶಿ.
– ಓದುಗರು, ವೈಟ್‌ಫೀಲ್ಡ್

ಅನ್ವಯಿಸುತ್ತದೆ, ಆದರೆ ಇನ್ನೂ ಪೂರ್ತಿಯಾಗಿ ಅಲ್ಲ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲೇ ಬಂದರೂ ನಿಯಮಗಳು ಹೊರಬಿದ್ದದ್ದು 2025ರ ನವೆಂಬರ್‌ನಲ್ಲಿ. ಒಪ್ಪಿಗೆ, ತಿದ್ದುವ ಮತ್ತು ಅಳಿಸುವ ಹಕ್ಕು, ದಂಡ ಮುಂತಾದ ಮುಖ್ಯ ಭಾಗಗಳಿಗೆ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ, ಅಂದರೆ 2027ರ ಮೇ ತಿಂಗಳು.

ಇನ್ನೊಂದು ಸೂಕ್ಷ್ಮವಿದೆ. ಸೆಕ್ಯುರಿಟಿಯವರ ಮೇಜಿನ ಮೇಲಿನ ಕಾಗದದ ರಿಜಿಸ್ಟರ್ ಈ ಕಾಯ್ದೆಯ ಹೊರಗಿದೆ; ಅದರಲ್ಲಿರುವುದನ್ನು ಎಕ್ಸೆಲ್‌ಗೆ ಏರಿಸಿದ ಕ್ಷಣ ಒಳಗೆ ಬರುತ್ತದೆ. ‘ಡೇಟಾ ಆ್ಯಪ್ ಕಂಪನಿಯದು, ನಮಗೂ ಅದಕ್ಕೂ ಸಂಬಂಧವಿಲ್ಲ’ ಎಂದು ಸಂಘ ಕೈತೊಳೆದುಕೊಳ್ಳುವಂತಿಲ್ಲ. ಯಾವ ಮಾಹಿತಿ, ಯಾತಕ್ಕೆ ಎಂದು ತೀರ್ಮಾನಿಸುವವರು ನೀವಾದರೆ ಹೊಣೆಯೂ ನಿಮ್ಮದೇ. ಭದ್ರತೆಯ ಲೋಪದಿಂದ ಮಾಹಿತಿ ಸೋರಿದರೆ ದಂಡ 250 ಕೋಟಿ ರೂಪಾಯಿಯವರೆಗೂ ಹೋಗಬಹುದು. ಆದರೆ ಆ ದಂಡ ಸೇರುವುದು ಭಾರತದ ಸಂಚಿತ ನಿಧಿಗೆ, ಸೋರಿಕೆಯಿಂದ ನೊಂದವರಿಗೆ ಅದರಲ್ಲಿ ಬಿಡಿಗಾಸೂ ಇಲ್ಲ. ಈ ಕಾಯ್ದೆಯ ದೊಡ್ಡ ಕೊರತೆ ಇದು ಅಂತಲೇ ನಮ್ಮ ಅಭಿಪ್ರಾಯ.

ಕಾರ್ಯದರ್ಶಿಯಾಗಿ ಮೊದಲು ಅಡ್ಮಿನ್ ಲಾಗಿನ್ ನೋಡಿ. ಒಂದೇ ಪಾಸ್‌ವರ್ಡ್ ಮ್ಯಾನೇಜರ್, ಗಾರ್ಡ್, ಹಿಂದಿನ ಕಮಿಟಿಯವರು ಎಲ್ಲರ ಬಳಿಯೂ ಇರುವುದು ಮಾಮೂಲು. ಒಬ್ಬೊಬ್ಬರಿಗೆ ಬೇರೆ ಲಾಗಿನ್ ಕೊಡಿಸಿ, ಕಮಿಟಿ ಬದಲಾದ ದಿನವೇ ಹಳೆಯವನ್ನು ತೆಗೆಸಿ. ಕೆಲಸದವರ ಬಂದುಹೋದ ಹೊತ್ತು ಅವರು ಕೆಲಸ ಮಾಡುವ ಮನೆಗಳಿಗಷ್ಟೇ ಕಾಣುವಂತೆ ಮಾಡಿ. ಇಡೀ ಬ್ಲಾಕಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ. ಒಪ್ಪಿಗೆಯ ನೋಟಿಸನ್ನು ಕನ್ನಡದಲ್ಲೂ ಕೊಡಿ. ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಅದನ್ನು ಓದುವ ಆಯ್ಕೆ ಇರಬೇಕೆಂದು ಕಾಯ್ದೆಯೇ ಹೇಳುತ್ತದೆ. ಇಂಗ್ಲಿಷ್ ಪರದೆಯ ಮೇಲೆ ‘ಐ ಅಗ್ರೀ’ ಒತ್ತಿಸಿಕೊಂಡದ್ದನ್ನು ಒಪ್ಪಿಗೆ ಎನ್ನುವುದು ಕಷ್ಟ.

ಬಟ್ಟೆ ಅಂಗಡಿಯಲ್ಲಿ ಮೊಬೈಲ್ ನಂಬರ್ ಕೊಡದಿದ್ದರೆ ಬಿಲ್ ಬರಲ್ಲ ಅಂತಾರೆ.
– ಓದುಗರು, ಮಲ್ಲೇಶ್ವರ

ಬರುತ್ತದೆ. ನಂಬರಿಗಾಗಿ ಒತ್ತಾಯಿಸುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ಹೇಳಿದೆ. ‘ನಂಬರ್ ಇಲ್ಲದೆ ಬಿಲ್ ಹಾಕಿ’ ಎನ್ನಿ. ಆಗಲ್ಲ ಅಂದರೆ ಗ್ರಾಹಕ ಸಹಾಯವಾಣಿ 1915.

ಸ್ಟಾರ್ ಹ್ಯಾಶ್ 21 ಹ್ಯಾಶ್ ಒತ್ತಿದರೆ ಫೋನ್ ಕದ್ದಾಲಿಕೆ ಆಗುತ್ತಿದೆಯೋ ಇಲ್ಲವೋ ತಿಳಿಯುತ್ತದಂತೆ, ನಿಜವೇ?
– ಓದುಗರು, ಹನುಮಂತನಗರ

ಇಲ್ಲ. ಆ ಕೋಡ್ ತೋರಿಸುವುದು ನಿಮ್ಮ ಕರೆಗಳು ಬೇರೆ ನಂಬರಿಗೆ ತಿರುಗಿವೆಯೇ ಎಂಬುದನ್ನು ಮಾತ್ರ. ಅದೂ ಉಪಯೋಗದ್ದೇ: ಕೊರಿಯರ್‌ನವರಂತೆ ಮಾತಾಡಿ ಒಂದು ಕೋಡ್ ಒತ್ತಿಸಿ, ಬ್ಯಾಂಕಿನ ಒಟಿಪಿ ಕರೆಯನ್ನು ತಮ್ಮ ಕಡೆ ತಿರುಗಿಸಿಕೊಳ್ಳುವ ವಂಚಕರಿದ್ದಾರೆ. ಗೊತ್ತಿಲ್ಲದ ನಂಬರ್ ಕಂಡರೆ ಎರಡು ಹ್ಯಾಶ್, 002, ಮತ್ತೊಂದು ಹ್ಯಾಶ್ ಒತ್ತಿ ಕರೆ ಮಾಡಿ. ಎಲ್ಲ ಫಾರ್ವರ್ಡಿಂಗ್ ರದ್ದಾಗುತ್ತದೆ.

ಸರ್ಕಾರದ ಕದ್ದಾಲಿಕೆ ನಡೆಯುವುದು ಟೆಲಿಕಾಂ ಕಂಪನಿಯ ಕಡೆಯಿಂದ, ನಿಮ್ಮ ಹ್ಯಾಂಡ್‌ಸೆಟ್‌ನಲ್ಲಿ ಅಲ್ಲ. ಹಾಗಾಗಿ ಲೈನಿನಲ್ಲಿ ಕಿರಿಕಿರಿ ಸದ್ದು ಬಂದರೆ ಅದಕ್ಕೂ ಇದಕ್ಕೂ ನಂಟಿಲ್ಲ. ಆದೇಶ ಹೊರಡಿಸಬೇಕಾದವರು ಕೇಂದ್ರದ ಅಥವಾ ರಾಜ್ಯದ ಗೃಹ ಕಾರ್ಯದರ್ಶಿ. ಒಂದು ಆದೇಶಕ್ಕೆ 60 ದಿನ, ವಿಸ್ತರಿಸಿದರೂ ಒಟ್ಟು 180 ದಿನ ಮೀರುವಂತಿಲ್ಲ. ಈ ಕಟ್ಟುಪಾಡಿನ ಮೂಲ ಸುಪ್ರೀಂ ಕೋರ್ಟಿನ 1996ರ ತೀರ್ಪು. ಅದಕ್ಕೂ ಮೊದಲೇ, 1988ರಲ್ಲಿ, ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಕುರ್ಚಿ ಬಿಟ್ಟದ್ದು ಕದ್ದಾಲಿಕೆಯ ಆರೋಪದ ಮೇಲೆ. ಆದರೆ ಆದೇಶಗಳನ್ನು ಪರಿಶೀಲಿಸುವ ಸಮಿತಿಯಲ್ಲಿ ಇಂದಿಗೂ ಅಧಿಕಾರಿಗಳೇ ಇದ್ದಾರೆ, ನ್ಯಾಯಾಧೀಶರಿಲ್ಲ. ನಿಮ್ಮ ಫೋನ್ ಕೇಳಿಸಿಕೊಂಡಿದ್ದರು ಎಂದು ಆಮೇಲಾದರೂ ನಿಮಗೆ ತಿಳಿಸುವ ಪದ್ಧತಿಯಿಲ್ಲ.

ಮಾಹಿತಿ ಹಕ್ಕಿನಡಿ ನಮ್ಮ ವಾರ್ಡಿನ ರಸ್ತೆ ಕಾಮಗಾರಿಯ ಗುತ್ತಿಗೆದಾರರ ಹೆಸರು, ಬಿಲ್ ಕೇಳಿದೆ. ‘ವೈಯಕ್ತಿಕ ಮಾಹಿತಿ, ಕೊಡಲಾಗದು’ ಎಂದು ಹಿಂಬರಹ ಬಂತು.
– ಓದುಗರು, ಪೀಣ್ಯ

ಡೇಟಾ ಕಾಯ್ದೆಯಲ್ಲಿ ತಡವಿಲ್ಲದೆ ಜಾರಿಗೆ ಬಂದ ಭಾಗಗಳಲ್ಲಿ ಮಾಹಿತಿ ಹಕ್ಕು ಕಾಯ್ದೆಗೆ ಅದು ತಂದ ತಿದ್ದುಪಡಿಯೂ ಒಂದು. ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 8(1)(ಜೆ) ಹಿಂದೆ, ಸಾರ್ವಜನಿಕ ಚಟುವಟಿಕೆಗೆ ಸಂಬಂಧಿಸದ ವೈಯಕ್ತಿಕ ಮಾಹಿತಿಗಷ್ಟೇ ಅಡ್ಡಿಯಾಗಿತ್ತು. 2025ರ ನವೆಂಬರ್‌ನಿಂದ ‘ವೈಯಕ್ತಿಕ ಮಾಹಿತಿ’ ಎಂಬ ಒಂದೇ ನೆಪ ಸಾಕು. ಪ್ರಜೆಯ ಖಾಸಗಿತನ ಕಾಯುವ ಹೆಸರಿನಲ್ಲಿ ಗುತ್ತಿಗೆದಾರರಿಗೆ ಮುಸುಕು ಸಿಕ್ಕಿದೆ.

ಆದರೆ 8(2) ಹಾಗೇ ಉಳಿದಿದೆ: ಬಹಿರಂಗದಿಂದಾಗುವ ಸಾರ್ವಜನಿಕ ಹಿತ ಹಾನಿಗಿಂತ ದೊಡ್ಡದಾದರೆ ಮಾಹಿತಿ ಕೊಡಬಹುದು. ಹಿಂಬರಹ ಕೈಸೇರಿದ 30 ದಿನಗಳೊಳಗೆ ಅದೇ ಕಚೇರಿಯ ಪ್ರಥಮ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ. 8(2)ನ್ನು ಹೆಸರಿಸಿ, ತೆರಿಗೆ ಹಣದ ಕೆಲಸ ಎಂಬುದನ್ನೂ ರಸ್ತೆಯ ಹೆಸರು, ಗುಂಡಿ ಬಿದ್ದ ಜಾಗವನ್ನೂ ಸೇರಿಸಿ. ಮನೆ ವಿಳಾಸ, ಬ್ಯಾಂಕ್ ಖಾತೆ, ಫೋನ್ ನಂಬರ್ ಕೇಳಲೇಬೇಡಿ. ಅದನ್ನೇ ಹಿಡಿದು ಇಡೀ ಅರ್ಜಿ ತಳ್ಳಿಹಾಕುತ್ತಾರೆ. ಕಾರ್ಯಾದೇಶ, ಅಳತೆ ಪುಸ್ತಕ, ಪಾವತಿಯಾದ ಬಿಲ್ಲಿನ ಪ್ರತಿ ಎಂದು ಕಡತದ ಹೆಸರಿನಿಂದಲೇ ಕೇಳಿ, ಖಾಸಗಿ ವಿವರವಿದ್ದರೆ ಸೆಕ್ಷನ್ 10ರಂತೆ ಅದನ್ನಷ್ಟೇ ಮುಚ್ಚಿ ಉಳಿದದ್ದು ಕೊಡಿ ಎಂಬ ಸಾಲನ್ನೂ ಸೇರಿಸಿ.