ಬೆಂಗಳೂರು ಓಪನ್‌ನಲ್ಲಿ ಡಬಲ್ಸ್ ನೋಡುವುದು ಹೇಗೆ? – ತೀರ್ಥಹಳ್ಳಿ ಗೌಡ್ರ ಪ್ರಶ್ನೆಗೆ

ಗೌಡ್ರೇ, ನಿಮ್ಮ ಪ್ರಶ್ನೆ ಓದಿದೆ. ಬೆಂಗಳೂರು ಓಪನ್ ಟೆನಿಸ್‌ಗೆ ನೀವೂ ನಿಮ್ಮ ಷಡ್ಡಕರೂ ಹೊರಟಿದ್ದೀರಿ, ಸಿಂಗಲ್ಸ್ ನೋಡಿ ವಾಪಸ್ ಬರೋದಾ, ಇಬ್ಬಿಬ್ಬರು ಜೋಡಿಯಾಗಿ ಆಡುವ ಡಬಲ್ಸ್‌ಗೂ ಕೂರೋದಾ ಅಂತ ಕೇಳಿದ್ದೀರಿ. 40-40 ಆದ ಕೂಡಲೇ ಒಂದೇ ಪಾಯಿಂಟ್‌ಗೆ ಗೇಮ್ ಮುಗಿಸುತ್ತಾರಲ್ಲ ಯಾಕೆ ಅಂತಲೂ ಇದೆ. ಇನ್ನೊಂದು, ನೀವಿಬ್ಬರೂ ಬೇಸ್‌ಲೈನ್‌ನಲ್ಲೇ (ಕೋರ್ಟ್‌ನ ಹಿಂದಿನ ಗೆರೆಯಲ್ಲೇ) ನಿಂತು ಆಡುವುದು ತಪ್ಪಾ ಅಂತ.

ನೀವು ಊರಲ್ಲಿ ಆಡುವುದೆಲ್ಲ ಡಬಲ್ಸೇ ಅಲ್ವಾ? ಹಾಗಿದ್ದರೆ ಡಬಲ್ಸ್‌ಗೇ ಕೂರಿ. ಸಿಂಗಲ್ಸ್ ಹುಡುಗರ ಫೋರ್‌ಹ್ಯಾಂಡ್ ನೋಡಿ ಖುಷಿಪಡಬಹುದು, ಅಷ್ಟೇ. ಐವತ್ತು ದಾಟಿದ ಮೇಲೆ ಅದು ನಮಗೆ ಬರುವುದಿಲ್ಲ. ಡಬಲ್ಸ್‌ನಲ್ಲಿ ಎಲ್ಲಿ ನಿಲ್ಲುತ್ತಾರೆ, ಸರ್ವ್ ಎಲ್ಲಿಗೆ ಹಾಕುತ್ತಾರೆ ಅನ್ನೋದನ್ನು ನೋಡಿಕೊಂಡು ಬಂದು ಮಾರನೇ ದಿನವೇ ಆಡಿ ನೋಡಬಹುದು.

ಸ್ಕೋರ್ ವಿಷಯ ಬೇಗ ಹೇಳಿಬಿಡುತ್ತೇನೆ. ಪುರುಷರ ಪ್ರೊಫೆಷನಲ್ ಸರ್ಕ್ಯೂಟ್ ಆದ ಎಟಿಪಿ ಟೂರ್‌ನಲ್ಲೂ, ಅದರ ಕೆಳಗಿನ ಹಂತದ, ಬೆಂಗಳೂರು ಓಪನ್ ಥರದ ಚಾಲೆಂಜರ್‌ಗಳಲ್ಲೂ ಡಬಲ್ಸ್‌ಗೆ ಅಡ್ವಾಂಟೇಜ್ ಇಲ್ಲ, ಅಂದರೆ 40-40 ಆದ ಮೇಲೆ ಎರಡು ಪಾಯಿಂಟ್ ಮುಂದೆ ಹೋಗಬೇಕಿಲ್ಲ. 40-40 ಆದರೆ ಒಂದೇ ಪಾಯಿಂಟ್, ಗೆದ್ದವರಿಗೆ ಗೇಮ್. ಸೆಟ್ ಒಂದೊಂದು ಆದರೆ ಮೂರನೇ ಸೆಟ್ ಬದಲು 10 ಪಾಯಿಂಟ್‌ನ ಟೈಬ್ರೇಕ್, ಎರಡು ಪಾಯಿಂಟ್ ಅಂತರ ಬೇಕು. ಗ್ರ್ಯಾಂಡ್‌ಸ್ಲಾಮ್‌ನಲ್ಲಿ ಮಾತ್ರ ಪುರುಷರ ಡಬಲ್ಸ್‌ಗೆ ಪೂರ್ತಿ ಮೂರು ಸೆಟ್. ವಿಂಬಲ್ಡನ್‌ನಲ್ಲಿ ಐದು ಸೆಟ್ ಇತ್ತು, 2023ರಿಂದ ಅಲ್ಲೂ ಮೂರೇ.

ಆ ಒಂದೇ ಪಾಯಿಂಟ್ ಬಂದಾಗ ಮೊಬೈಲ್ ಕೆಳಗಿಡಿ. ಸರ್ವ್ ಯಾವ ಕಡೆಗೆ ಬರಬೇಕು ಅನ್ನೋದನ್ನು ರಿಟರ್ನ್ ಮಾಡುವ ಜೋಡಿಯೇ ಆರಿಸುತ್ತದೆ. ಆದರೆ ಇಬ್ಬರೂ ಜಾಗ ಅದಲುಬದಲು ಮಾಡುವ ಹಾಗಿಲ್ಲ. ಅಂದರೆ ಅವತ್ತು ಇಬ್ಬರಲ್ಲಿ ಯಾರ ರಿಟರ್ನ್ ಚೆನ್ನಾಗಿದೆ ಅಂತ ಅವರೇ ಬಾಯಿಬಿಟ್ಟು ಹೇಳಿದ ಹಾಗೆ ಆಯಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಚೆಂಡಿನ ಹಿಂದೆ ಕಣ್ಣು ಓಡಿಸಬೇಡಿ. ನೆಟ್ ಹತ್ತಿರ ನಿಂತವನನ್ನು ನೋಡಿ. ಡಬಲ್ಸ್ ನಡೆಸುವವನು ಅವನು.

ಲೆಕ್ಕ ಹಾಕಿದರೆ ಕಾರಣ ಗೊತ್ತಾಗುತ್ತದೆ. ಸಿಂಗಲ್ಸ್ ಕೋರ್ಟ್ 27 ಅಡಿ ಅಗಲ, ಒಬ್ಬನೇ ಕಾಯಬೇಕು. ಡಬಲ್ಸ್ ಕೋರ್ಟ್ 36 ಅಡಿ, ಆದರೆ ಇಬ್ಬರಿದ್ದಾರೆ. ತಲೆಗೆ 18 ಅಡಿ ಬಂತು. ಹಾಗಾಗಿ ಬೇಸ್‌ಲೈನ್‌ನಿಂದ ಎಷ್ಟೇ ಬಲವಾಗಿ ಹೊಡೆದರೂ ಅಲ್ಲೊಬ್ಬ ಇದ್ದೇ ಇರುತ್ತಾನೆ. ಪಾಯಿಂಟ್ ಹುಟ್ಟುವುದು ನೆಟ್‌ನಲ್ಲಿ, ಇಲ್ಲವೇ ಇಬ್ಬರ ಮಧ್ಯದ ಸಂದಿಯಲ್ಲಿ. ಮಧ್ಯದಲ್ಲಿ ನೆಟ್ ಕೂಡ ತಗ್ಗು. ಕಂಬದ ಹತ್ತಿರ ಮೂರೂವರೆ ಅಡಿ ಇದ್ದರೆ ನಡುವೆ ಮೂರೇ ಅಡಿ.

ಸರ್ವ್‌ಗೆ ಮೊದಲು ನೆಟ್‌ನಲ್ಲಿರುವವನು ಬೆನ್ನ ಹಿಂದೆ ಕೈ ಇಟ್ಟು ಸನ್ನೆ ಮಾಡುತ್ತಾನೆ. ಮುಷ್ಟಿ ಬಿಗಿಹಿಡಿದರೆ ‘ಇಲ್ಲೇ ನಿಲ್ಲುತ್ತೇನೆ’, ಕೈ ಬಿಡಿಸಿದರೆ ‘ಆ ಕಡೆ ನುಗ್ಗುತ್ತೇನೆ’ ಅಂತ ಸಾಮಾನ್ಯ ವಾಡಿಕೆ, ಆದರೆ ಜೋಡಿಯಿಂದ ಜೋಡಿಗೆ ಬೇರೆ ಇರುತ್ತದೆ. ಸರ್ವ್ ಮಾಡುವವನ ಹಿಂಬದಿ ಕೂತರೆ ಇದೆಲ್ಲ ಕಾಣುತ್ತದೆ. ಪಕ್ಕದ ಸೀಟಿನಿಂದ ಕಾಣಲ್ಲ. ಕೆಲವು ಸಲ ಅವನು ಸರ್ವೀಸ್ ಬಾಕ್ಸ್‌ನ ನಡುಗೆರೆಯ ಮೇಲೆ ನೆಟ್‌ಗಿಂತ ತಗ್ಗಾಗಿ ಕುಕ್ಕರುಗಾಲಲ್ಲಿ ಕೂತಿರುತ್ತಾನೆ. ಅದೇ ಐ ಫಾರ್ಮೇಶನ್. ಸರ್ವ್ ಅವನ ತಲೆ ಮೇಲಿಂದ ಹೋಗುತ್ತದೆ, ಅವನು ಎದ್ದು ಯಾವ ಕಡೆ ಹಾರುತ್ತಾನೋ ಎದುರಿನವರಿಗೆ ಗೊತ್ತಿರಲ್ಲ. (ಚೆಂಡು ಅವನ ಬೆನ್ನಿಗೇ ಬಡಿದರೆ ಫಾಲ್ಟ್. ನಮ್ಮಲ್ಲಿ ಪ್ರಯತ್ನಿಸುವ ಮೊದಲು ಷಡ್ಡಕರ ಒಪ್ಪಿಗೆ ಪಡೆಯಿರಿ.)

ಇಬ್ಬರೂ ಹಿಂದೆ ನಿಲ್ಲುವ ಬಗ್ಗೆ ನನ್ನ ಅಭಿಪ್ರಾಯ ಇಷ್ಟು. ಎದುರಾಳಿಯ ಮೊದಲ ಸರ್ವ್ ಜೋರಾಗಿದ್ದರೆ ಪ್ರೊಫೆಷನಲ್‌ಗಳೂ ರಿಟರ್ನ್ ಮಾಡುವವನ ಪಾರ್ಟ್ನರ್‌ನನ್ನು ಹಿಂದಕ್ಕೆ ಕರೆಸಿಕೊಳ್ಳುತ್ತಾರೆ. ಅದರಲ್ಲಿ ನಾಚಿಕೆ ಏನಿಲ್ಲ. ಆದರೆ ನಿಮ್ಮದೇ ಸರ್ವ್ ಇದ್ದಾಗ ಇಬ್ಬರೂ ಹಿಂದೆ ಉಳಿದರೆ ಆಟವನ್ನು ಅವರ ಕೈಗೇ ಕೊಟ್ಟಂತೆ. ಒಬ್ಬರಾದರೂ ಮುಂದೆ ಹೋಗಿ. ವಾಲಿ (ಚೆಂಡು ನೆಲಕ್ಕೆ ಬೀಳುವ ಮೊದಲೇ ಹೊಡೆಯುವುದು) ಬರದಿದ್ದರೂ ಪರವಾಗಿಲ್ಲ, ಸುಮ್ನೆ ಅಲ್ಲಿ ನಿಂತರೂ ಎದುರಿನವನ ರಿಟರ್ನ್ ಕೆಡುತ್ತದೆ. ಸರ್ವ್ ಜಾಸ್ತಿ ಬಲವಾಗಿ ಹಾಕಬೇಡಿ, ನಡುಗೆರೆಯ ಕಡೆಗೆ ಮೊದಲ ಸರ್ವ್ ಒಳಗೆ ಬೀಳಿಸಿ. ಅಲ್ಲಿಂದ ಓರೆಯಾಗಿ ಹೊಡೆಯಲು ಅವರಿಗೆ ಕೋನ ಸಿಗುವುದಿಲ್ಲ, ಚೆಂಡು ನೆಟ್‌ನಲ್ಲಿರುವವನ ಕೈಗೇ ಬರುತ್ತದೆ.

ಇನ್ನೊಂದು ಸಂಗತಿ ನಮ್ಮಲ್ಲಿ ಹಲವರು ಗಮನಿಸಿಲ್ಲ. ಡಬಲ್ಸ್‌ನಲ್ಲಿ ಒಂದು ಸೆಟ್ ಪೂರ್ತಿ ಒಬ್ಬ ಆಟಗಾರ ಒಂದೇ ತುದಿಯಿಂದ ಸರ್ವ್ ಮಾಡುತ್ತಾನೆ. ಬೆಸ ಗೇಮ್‌ಗೆ ಕಡೆ ಬದಲು, ನಾಲ್ಕು ಗೇಮ್‌ಗೊಮ್ಮೆ ಅವನ ಸರದಿ. ಕಾಗದದ ಮೇಲೆ ಬರೆದು ನೋಡಿ, ಹಾಗೇ ಬರುತ್ತದೆ. ನಿಮ್ಮ ಕೋರ್ಟ್ ಪೂರ್ವ-ಪಶ್ಚಿಮ ಇದೆ ಅಂದಿದ್ದೀರಿ. ಚಳಿಗಾಲದಲ್ಲಿ ಮಂಜು ಕರಗುವ ಹೊತ್ತಿಗೆ ಒಂದು ತುದಿಯಲ್ಲಿ ಬಿಸಿಲು ನೇರ ಕಣ್ಣಿಗೇ ಹೊಡೆಯುತ್ತದೆ. ಚೆಂಡು ಮೇಲೆ ಎಸೆದರೆ ಏನೂ ಕಾಣಲ್ಲ. ಹಾಗಾಗಿ ಮೊದಲು ಯಾರು ಸರ್ವ್ ಮಾಡಬೇಕು ಅನ್ನೋದನ್ನು ಸೂರ್ಯನನ್ನು ನೋಡಿ ನಿರ್ಧರಿಸಿ. ನಿಮ್ಮ ಷಡ್ಡಕರು ಎಡಗೈಯವರು ಅಂತ ಬರೆದಿದ್ದೀರಿ. ಅವರು ಚೆಂಡು ಎಸೆಯುವ ದಿಕ್ಕೇ ಬೇರೆ, ನಿಮ್ಮ ಕಣ್ಣು ಕುಕ್ಕುವ ತುದಿ ಅವರಿಗೆ ಸಲೀಸಾಗಬಹುದು. ಸರದಿಯನ್ನು ಹೊಸ ಸೆಟ್‌ಗೆ ಬದಲಿಸಿಕೊಳ್ಳಬಹುದು. 16 ಗ್ರ್ಯಾಂಡ್‌ಸ್ಲಾಮ್ ಗೆದ್ದ ಬ್ರಯಾನ್ ಅವಳಿಗಳಲ್ಲೂ ಬಾಬ್ ಎಡಗೈ, ಮೈಕ್ ಬಲಗೈ.

ವಯಸ್ಸಾಯಿತು ಅಂತ ಕೊನೆಯಲ್ಲಿ ಬರೆದಿದ್ದೀರಲ್ಲ, ಅದಕ್ಕೆ ನಮ್ಮ ಪಕ್ಕದ ಕೊಡಗಿನ ಬೋಪಣ್ಣ ಇದ್ದಾರೆ. 2024ರಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದಾಗ ಅವರಿಗೆ 43. ಇಟಲಿಯ ಬೊಲೆಲ್ಲಿ-ವವಸ್ಸೋರಿ ಮೇಲೆ 7-6, 7-5. ಅದೇ ವಯಸ್ಸಿಗೆ ಡಬಲ್ಸ್‌ನಲ್ಲಿ ವಿಶ್ವದ ನಂಬರ್ 1 ಕೂಡ ಆದರು. ಮೊಣಕಾಲಿನ ಮೃದ್ವಸ್ಥಿ ಸವೆದುಹೋಗಿದೆ ಅಂತ ಅವರೇ ಹೇಳಿಕೊಂಡಿದ್ದರು. ದೊಡ್ಡ ಸರ್ವ್, ಒಂದು ವಾಲಿ, ಪಾಯಿಂಟ್ ಮುಗಿಯಿತು. ಓಡಾಟ ಕಮ್ಮಿ. ಆ ಫೈನಲ್‌ನ ಮೊದಲ ಸೆಟ್ ಟೈಬ್ರೇಕ್ 7-0 ಆಗಿತ್ತು, ವಿಡಿಯೊ ಸಿಕ್ಕರೆ ಹೋಗುವ ಮೊದಲು ನೋಡಿ.

ಚಾಲೆಂಜರ್‌ನಲ್ಲಿ ದೊಡ್ಡ ಹೆಸರುಗಳು ಕಮ್ಮಿ. ಆದರೆ ನಮ್ಮವರು ಡಬಲ್ಸ್‌ನಲ್ಲೇ ಹೆಚ್ಚು ದೂರ ಹೋಗುತ್ತಾರೆ. ಸಾಕೇತ್ ಮೈನೇನಿ-ರಾಮ್‌ಕುಮಾರ್ ಜೋಡಿ 2022ರಲ್ಲಿ ಇಲ್ಲೇ ಗೆದ್ದಿತ್ತು. ಇಬ್ಬರ ರ್‍ಯಾಂಕಿಂಗ್ ಕೂಡಿಸಿ ಪ್ರವೇಶ ಕೊಡುವುದರಿಂದ ಈ ವಾರಕ್ಕೆಂದೇ ಕೂಡಿಕೊಂಡ ಜೋಡಿಗಳೂ ಇರುತ್ತವೆ. ಪಾಯಿಂಟ್ ಮಧ್ಯೆ ಅವರು ಎಷ್ಟು ಮಾತಾಡಿಕೊಳ್ಳುತ್ತಾರೆ ನೋಡಿ. ಹಳೇ ಜೋಡಿಗಳಿಗೆ ಅಷ್ಟು ಮಾತು ಬೇಕಾಗಲ್ಲ.

ಹೋಗೋದಾದರೆ ವಾರದ ಮಧ್ಯೆ ಹೋಗಿ, ಶನಿವಾರ-ಭಾನುವಾರ ಕಾಯಬೇಡಿ. ಡ್ರಾನಲ್ಲಿ 16 ಜೋಡಿ. ಬುಧವಾರ, ಗುರುವಾರದ ಹೊತ್ತಿಗೆ ಒಂದೇ ದಿನ ಹಲವು ಡಬಲ್ಸ್ ಸಿಗುತ್ತವೆ, ಅದೂ ಪಕ್ಕದ ಕೋರ್ಟ್‌ಗಳಲ್ಲಿ, ತೀರಾ ಹತ್ತಿರದಿಂದ. ಡಬಲ್ಸ್ ಫೈನಲ್ ಸಾಮಾನ್ಯವಾಗಿ ಸಿಂಗಲ್ಸ್ ಫೈನಲ್‌ಗೆ ಒಂದು ದಿನ ಮೊದಲೇ ಮುಗಿಯುತ್ತದೆ, ಭಾನುವಾರ ಹೋದರೆ ಅದು ಸಿಗಲ್ಲ. ಮಾರನೇ ದಿನದ ಪಟ್ಟಿ ಹಿಂದಿನ ಸಂಜೆ ಬರುತ್ತದೆ, ನೋಡಿಕೊಂಡೇ ಶಿವಮೊಗ್ಗದಿಂದ ಬೆಳಗಿನ ರೈಲು ಹತ್ತಿ. ಮೆಜೆಸ್ಟಿಕ್‌ನಿಂದ ನೇರಳೆ ಮೆಟ್ರೊದಲ್ಲಿ ಕಬ್ಬನ್ ಪಾರ್ಕ್‌ಗೆ ಇಳಿದರೆ ಸ್ಟೇಡಿಯಂ ನಡೆದೇ ಹೋಗುವಷ್ಟು ದೂರ. ಟೋಪಿ ಮರೆಯಬೇಡಿ, ಬಿಸಿಲು ಅಲ್ಲೂ ಸುಡುತ್ತದೆ.